ಇನ್ನೂರ ಹದಿನೇಳು

ಮುನ್ನೂರ ನಾಲ್ಕು ಹೆಗಲುಗಳನ್ನು ಬಿಚ್ಚಿ ಕಟ್ಟಿದ್ದೇನೆ
ಬೆರ್ಗೆನ್ನಿನ ಈ ಆಸ್ಪತ್ರೆಯಲ್ಲಿ, ಹನ್ನೊಂದು ವರ್ಷ.
ಸವೆದ ಗುಂಡು ತೆಗೆದು ಲೋಹದ ಗುಂಡು,
ಅದು ಉರುಳಲು ಪ್ಲಾಸ್ಟಿಕ್ಕಿನ ಬಟ್ಟಲು,
ಮೇಲೆ ಸ್ನಾಯು ಎಳೆದು ಹೊಲಿಗೆ.
ಈಗ ಲೆಕ್ಕ ಒಪ್ಪಿಸುವ ಕಾಲ.

ಕೋಷ್ಟಕದಲ್ಲಿ ತಲೆಗೊಂದು ಸಾಲು.
ನೋವಿಗೆ ಹದಿನೈದು ಅಂಕ, ಬಲಕ್ಕೆ ಇಪ್ಪತ್ತೈದು,
ತೋಳು ಎಷ್ಟೆತ್ತರ ಏಳುತ್ತದೆ,
ಕೈ ಬೆನ್ನ ಹಿಂದೆ ಎಲ್ಲಿ ಮುಟ್ಟುತ್ತದೆ,
ಎಲ್ಲಕ್ಕೂ ಇಷ್ಟಿಷ್ಟು.
ನಿದ್ದೆಗೆ ಎರಡು.
ನೂರಕ್ಕೆ ಎರಡು.

ಚರ್ಚಿನಲ್ಲಿ ಆರ್ಗನ್ ನುಡಿಸುವ ಗುನ್‌ವೋರ್
ತೊಂಬತ್ತೊಂದು ತೆಗೆದಳು, ಮುಖ ಮಾತ್ರ ಗಂಟು:
"ಕೈ ಏಳುತ್ತದೆ ಡಾಕ್ಟರೇ,
ನುಡಿಸಿದರೆ ಬೇರೆ ಯಾರದೋ ಕೈ."
ಆ ಮಾತಿಗೆ ಕಾಲಮ್ಮಿಲ್ಲ.

ಒಂಬತ್ತು ಜನ ಮರಳಿ ಬರಲಿಲ್ಲ.
ನಮ್ಮ ಭಾಷೆಯಲ್ಲಿ ಅವರು 'ಕಳೆದುಹೋದವರು',
ಅಂಗಿಯ ಗುಂಡಿಗಳ ಹಾಗೆ.
ಸೋತವರು ಕಳೆದಷ್ಟೂ ಸರಾಸರಿ ನಗುತ್ತದೆ.
ಎಷ್ಟು ಪ್ರಬಂಧಗಳು ಆ ನಗೆಯಲ್ಲಿ ನಕ್ಕಿವೆಯೋ,
ನನಗೆ ಗೊತ್ತಿದೆ. ಎರಡರಲ್ಲಿ ನನ್ನ ಹೆಸರಿದೆ.

ಇನ್ನೂರ ಹದಿನೇಳು: ತೂರ್ಲೈವ್, ಹೆರಿಂಗ್ ಮೀನಿನವನು.
ಮೊದಲ ವರ್ಷ ಎಪ್ಪತ್ತೆಂಟು.
ಎರಡನೆಯ ವರ್ಷ ನಲವತ್ತೊಂದು.
ಕಾರಣ: ತಿಳಿದಿಲ್ಲ. ಅಕ್ಷರ ನನ್ನದೇ.
ಆಮೇಲೆ ಖಾಲಿ ಚೌಕ, ಖಾಲಿ ಚೌಕ, ಖಾಲಿ.

ನವೆಂಬರಿನಲ್ಲಿ ಫೆರಿ ಹತ್ತಿದೆ,
ಚೀಲದಲ್ಲಿ ಕೋನಮಾಪಕ, ಅರ್ಜಿ ನಮೂನೆ, ಎರಡು ಪೆನ್ನು.
ಇದಿರು ಗಾಳಿ. ಕ್ಯಾಂಟೀನಿನ ಹುಡುಗ
ಕಾಸು ಬೇಡ, ವಾಂತಿ ಮಾಡದಿದ್ದರೆ ಸಾಕು ಅಂದ.

ಬೊರ್ಗ್‌ಹಿಲ್ಡ್ ಬಾಗಿಲು ತೆರೆದಳು.
"ತಡವಾಗಿ ಬಂದಿರಿ," ಅಂದಳು, "ಮೂರು ವರ್ಷ."
ಕಾಫಿ ಕುದಿಯಿತು. ಅವಳಿಗೆ ಆತುರವಿರಲಿಲ್ಲ.

"ಐದು ಕಿಲೋ ಮೀರಿ ಎತ್ತಬೇಡ ಅಂದಿದ್ದಿರಿ.
ಎತ್ತಲಿಲ್ಲ, ನೀರಿನ ಕೊಡವನ್ನೂ ನಾನೇ ತಂದೆ.
ಆಮೇಲೆ ಅವನ ಅಣ್ಣ ಸತ್ತ.
ನಮ್ಮಲ್ಲಿ ಹೆಗಲ ಮೇಲೇ ಹೊರುವುದು, ಆರು ಗಂಡಸರು.
ದ್ವೀಪ ಜಾಲಾಡಿದರೂ ಸಿಕ್ಕವರು ಐದು.
ದಿಬ್ಬದ ಅರ್ಧಕ್ಕೆ ಒಳಗೆ ಏನೋ ಹರಿಯಿತಂತೆ,
ಹಾಯಿ ಸೀಳಿದ ಹಾಗೆ. ಇಳಿಸಲಿಲ್ಲ.
ನಿಮ್ಮ ಮುಂದೆ ಹೇಳಲು ನಾಚಿಕೆ ಅವನಿಗೆ.
ಕೊಟ್ಟ ಹೊಸ ಅಂಗಿ ಹರಿದುಕೊಂಡು ಬಂದ
ಹುಡುಗನ ಹಾಗೆ ಅಡಗಿದ."

ನಾನು ರೂಢಿಯಿಂದ ಕೇಳಿದೆ: ನೋವು?
"ಇತ್ತು. ಮಳೆ ಬರುವ ಮುಂಚೆ ಹೇಳುತ್ತಿತ್ತು."
ತೋಳು?
"ಇಷ್ಟು," ಎಂದು ತನ್ನ ತೋಳನ್ನೇ ಎತ್ತಿ ಹಿಡಿದಳು,
ಕಿಟಕಿಯ ಕಟ್ಟೆಗೆ ಒಂದು ಗೇಣು ಕೆಳಗೆ.
ನಾಚಿಕೆಯಿಲ್ಲದೆ ಕೋನಮಾಪಕ ತೆಗೆದೆ.
ಅರವತ್ತೈದು ಡಿಗ್ರಿ.
ನಾನು ಬರೆಯುವವರೆಗೂ ಅವಳು ಇಳಿಸಲಿಲ್ಲ.

ನಿದ್ದೆ?
ಅವಳು ನಕ್ಕಳು, ಮೊದಲ ಸಲ.
"ಎಂಟು ವರ್ಷ ಆ ಕುರ್ಚಿಯಲ್ಲಿ ಕೂತೇ ಮಲಗಿದವನು.
ನೀವು ಕೊಯ್ದ ಮೇಲೆ ಹಾಸಿಗೆಗೆ ಬಂದ,
ಎಡ ಮಗ್ಗುಲಿಗೆ, ನನ್ನ ಕಡೆ ಮುಖ ಮಾಡಿ.
ಹರಿದ ಮೇಲೂ ಅದೇ ಮಗ್ಗುಲು.
ಗೊರಕೆ ನೇರ ಕಿವಿಗೆ. ಎಂಥ ಗೊರಕೆ!"

ಎರಡು, ಎಂದು ಬರೆದೆ.
ಅದಕ್ಕಿಂತ ಹೆಚ್ಚು ಕೊಡುವ ಅಧಿಕಾರ ನನಗಿಲ್ಲ.

ದಿಬ್ಬಕ್ಕೆ ಒಬ್ಬಳೇ ಹೋದೆ. ಅಣ್ಣ ತಮ್ಮ ಅಕ್ಕಪಕ್ಕ.
ಜೌಗು ಮಣ್ಣಿನಡಿ ನಾನಿಟ್ಟ ಗುಂಡು
ಇನ್ನೂ ಹೊಳೆಯುತ್ತಿರಬೇಕು.
ಲೆಕ್ಕದ ಪ್ರಕಾರ ಕೀಲು ಬದುಕಿದೆ:
ಯಾರೂ ಅದನ್ನು ತೆಗೆದು ಬದಲಿಸಲಿಲ್ಲ.
ಬದುಕುಳಿದವುಗಳ ಗೆರೆಯ ಮೇಲೆ
ತೂರ್ಲೈವ್ ಒಂದು ಸಣ್ಣ ಗೀರು.
ಗೆರೆ ಅವನಲ್ಲಿ ಇಳಿಯುವುದಿಲ್ಲ,
ಹಾಗೇ ಮುಂದೆ ಹೋಗುತ್ತದೆ.

ಸೋಮವಾರ ಸಂಖ್ಯೆಗಳ ಐವಿಂಡ್ ಕೇಳಿದ,
ಎರಡನೆಯ ವರ್ಷದ ಕುಸಿತ, ಕಾರಣ ಸಿಕ್ಕಿತೇ?
ಸಂಕೇತಗಳ ಪಟ್ಟಿ ಓದಿದ:
ಸೋಂಕು, ಸಡಿಲಿಕೆ, ಬಿದ್ದ ಪೆಟ್ಟು, ತಿಳಿದಿಲ್ಲ.
ಅಣ್ಣನಿಗೆ ಹೆಗಲು ಕೊಟ್ಟ, ಅಂದೆ.
ಅವನ ಬೆರಳು ಕೀಲಿಯ ಮೇಲೆ ನಿಂತಿತು,
ಬಹಳ ಹೊತ್ತೇನಲ್ಲ.
'ತಿಳಿದಿಲ್ಲ' ಅಳಿಸಿದ.
ಪಟ್ಟಿಯ ಕೊನೆಗೆ 'ಇತರೆ' ಎಂದು ಸೇರಿಸಿ
ಎದುರಿಗೆ ಒಂದು ಎಂದು ಒತ್ತಿದ.